ವಾರ್ಡನ್ ಹುದ್ದೆಗೆ ಅಮ್ಮನ ಅರ್ಜಿ

ಮಗಳು: ಅಮ್ಮಾ, ಮಂಡಿನೋವು ದೌರ್ಬಲ್ಯ ಅಲ್ಲ!

ಅಮ್ಮ: ಮೆಟ್ಟಿಲು ಹತ್ತೋಳು ನಾನೋ, ನೀನೋ?

ಮಗಳು: "ನಿಮ್ಮ ದೌರ್ಬಲ್ಯ ಏನು" ಅಂದ್ರೆ "ಅತಿಯಾಗಿ ದುಡಿಯೋದು" ಅನ್ಬೇಕು.

ಅಮ್ಮ: ಅದು ಹೊಗಳಿಕೆ ಆಯ್ತಲ್ಲೇ?

ಮಗಳು: ಹೂಂ. ತಲೆ ತಗ್ಗಿಸ್ಕೊಂಡು ನಮ್ಮನ್ನ ನಾವೇ ಹೊಗಳ್ಕೋಬೇಕು. ಅದಕ್ಕೇ ಇಂಟರ್‌ವ್ಯೂ ಅನ್ನೋದು.

ಅಮ್ಮ ಹನ್ನೆರಡು ವರ್ಷ ಮಕ್ಕಳನ್ನು ನೋಡಿಕೊಂಡಿದ್ದ ಶಿಶುವಿಹಾರ ಮುಚ್ಚಿ ಮೂರು ತಿಂಗಳಾಗಿತ್ತು. ಮಗಳು ಏಳು ಇಂಟರ್‌ವ್ಯೂ ಮುಗಿಸಿ ಏಳರಲ್ಲೂ ಬರಿಗೈಲಿ ವಾಪಸಾಗಿದ್ದಳು. ಮನೆಯಲ್ಲಿ ಒಬ್ಬರಿಗಾದರೂ ಕೆಲಸ ಸಿಗಲೇಬೇಕಿತ್ತು. ನಾಳೆ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಹುದ್ದೆಗೆ ಅಮ್ಮನ ಸರದಿ.

ಮಗಳು: ಮಾತಾಡುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಕು.

ಅಮ್ಮ: ಗುರುತು ಪರಿಚಯ ಇಲ್ಲದ ಗಂಡಸನ್ನ ದುರುಗುಟ್ಕೊಂಡು ನೋಡ್ಲಾ?

ಮಗಳು: ನಗ್ತಾ ನೋಡು.

ಅಮ್ಮ: ಅದು ಇನ್ನೂ ಕೆಟ್ಟದು.

ಮಗಳು: ಸರಿ ಬಿಡು. ಐದು ವರ್ಷ ಆದ್ಮೇಲೆ ನಿಮ್ಮನ್ನ ನೀವು ಎಲ್ಲಿ ನೋಡ್ಕೊಳ್ತೀರಿ?

ಅಮ್ಮ: ಕನ್ನಡೀಲಿ.

ಮಗಳು: ಅಮ್ಮಾ!

ಅಮ್ಮ: ನೀನು ಏನಂದಿದ್ದೆ?

ಮಗಳು: ಈ ಸಂಸ್ಥೆಯ ಅತಿ ದೊಡ್ಡ ಕುರ್ಚಿಯಲ್ಲಿ ಅಂದೆ.

ಅಮ್ಮ: ಅದಕ್ಕೆ ಅವರು?

ಮಗಳು: ಆ ಕುರ್ಚಿ ಮೇಲೆ ಕೂತಿದ್ದವರೇ ಕೇಳಿದ್ದು.

ಮರುದಿನ ಅಮ್ಮ ಅರ್ಧ ಗಂಟೆ ಮೊದಲೇ ಹೋದಳು. ಸುಮ್ಮನೆ ಕೂರಲಾರದೆ ಕಟ್ಟಡಕ್ಕೊಂದು ಸುತ್ತು ಹಾಕಿ ಬಂದಳು. ಒಳಗೆ ಕರೆದಾಗ ಕುರ್ಚಿಯ ತುದಿಯಲ್ಲಿ ಕುಳಿತಳು. ಎದುರಿಗೆ ಎಳೆಯ ವಯಸ್ಸಿನ ಮ್ಯಾನೇಜರ್. ಕೈಯಲ್ಲಿದ್ದ ಹಾಳೆಯಿಂದ ತಲೆ ಎತ್ತದೆ ಓದಿದ.

ಮ್ಯಾನೇಜರ್: ನಿಮ್ಮ ದೌರ್ಬಲ್ಯ?

ಅಮ್ಮ: ಅತಿಯಾಗಿ ದುಡಿಯೋದು, ಸರ್.

ಮ್ಯಾನೇಜರ್: ಬೆಳಿಗ್ಗೆಯಿಂದ ಹೀಗಂದವರಲ್ಲಿ ನೀವು ಒಂಬತ್ತನೆಯವರು, ಮೇಡಂ.

ಅಮ್ಮನಿಗೆ ಕಲಿತು ಬಂದದ್ದೆಲ್ಲ ಒಂದೇ ಏಟಿಗೆ ಮರೆತುಹೋಯಿತು.

ಅಮ್ಮ: ಹಾಗಾದ್ರೆ ನಿಜ ಹೇಳ್ತೀನಿ. ನಂಗೆ ಬೇಗ ಸಿಟ್ಟು ಬರುತ್ತೆ. ಈಗ್ಲೂ ಬಂದಿದೆ.

ಮ್ಯಾನೇಜರ್: ನನ್ನ ಮೇಲಾ?

ಅಮ್ಮ: ನಿಮ್ಮ ಹಿಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದಿದ್ದೀರಿ. ಒಳಗೆ ಬೆಂಕಿ ಬಿದ್ರೆ ಎಂಬತ್ತು ಹುಡುಗೀರು ಎಲ್ಲಿಂದ ಓಡ್ಬೇಕು?

ಮ್ಯಾನೇಜರ್: ಕೀಲಿ ಹಳೇ ವಾರ್ಡನ್ ಹತ್ರಾನೇ ಉಳೀತು. ಅವರು ಫೋನ್ ಎತ್ತಲ್ಲ.

ಅಮ್ಮ: ಎಷ್ಟು ದಿನ ಆಯ್ತು?

ಮ್ಯಾನೇಜರ್: ಹನ್ನೊಂದು.

ಅಮ್ಮ: ಒಡೆಸ್ಬಾರ್ದಾ?

ಮ್ಯಾನೇಜರ್: ಅದಕ್ಕೆ ವಾರ್ಡನ್ ಸಹಿ ಬೇಕು.

ಅಮ್ಮ: ವಾರ್ಡನ್ನೇ ಇಲ್ವಲ್ಲ!

ಮ್ಯಾನೇಜರ್: ಅದಕ್ಕೇ ಮೇಡಂ, ಈ ಇಂಟರ್‌ವ್ಯೂ. ಎರಡು ವಾರದಲ್ಲಿ ತಿಳಿಸ್ತೀವಿ.

ಅಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟಳು. ಕೆಲಸ ಕೈತಪ್ಪಿತೆಂದು ಅವಳಿಗೆ ಖಾತ್ರಿಯಾಗಿತ್ತು. ಇನ್ನು ಯಾರ ಹಂಗು?

ಅಮ್ಮ: ಸುತ್ತಿಗೆ ಕೊಡಿ.

ಮ್ಯಾನೇಜರ್: ಅದು ಸ್ಟೋರಿನಲ್ಲಿದೆ. ವಾರ್ಡನ್‌ಗೆ ಮಾತ್ರ ಕೊಡ್ಬೇಕು ಅಂತ ನಿಯಮ.

ಅಮ್ಮ: ಹಾಗಾದ್ರೆ ಮೊದಲು ಕೆಲಸದ ಆರ್ಡರ್ ಕೊಡಿ, ಆಮೇಲೆ ಸುತ್ತಿಗೆ ಕೊಡಿ.

ಮ್ಯಾನೇಜರ್ ಬಾಗಿಲ ಕಡೆ ನೋಡಿದ, ಹಾಳೆ ನೋಡಿದ. ಹಾಳೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಹನ್ನೊಂದು ದಿನದಿಂದ ಅವನಿಗೂ ನಿದ್ದೆ ಸರಿಯಾಗಿ ಹತ್ತಿರಲಿಲ್ಲವೇನೋ, ಡ್ರಾಯರಿನಿಂದ ಆರ್ಡರ್ ತೆಗೆದು ಸಹಿ ಹಾಕಿಯೇಬಿಟ್ಟ. ಸುತ್ತಿಗೆಯನ್ನು ತಾನೇ ಓಡಿಹೋಗಿ ತಂದ.

ಬೀಗ ಒಡೆದು ಬಿದ್ದ ಮೇಲೆ ಅಮ್ಮ ಕೈ ಒರೆಸಿಕೊಂಡು ಮನೆಗೆ ಫೋನ್ ಮಾಡಿದಳು.

ಮಗಳು: ಕೆಲಸ ಸಿಕ್ತಾ? ಹೇಗಮ್ಮಾ?

ಅಮ್ಮ: ಹಿಂಬಾಗಿಲಿಂದ ಕಣೇ.

ಮಗಳು: ಥೂ! ಅಮ್ಮಾ, ನೀನೂನಾ?

ಅಮ್ಮ: ಹೂಂ. ಎರಡೇ ಏಟಿಗೆ.