ಮಹಡಿಗೂ ಕೆಳಮನೆಗೂ ಸಂಪರ್ಕ ಸರಿಹೋದ ಬಗ್ಗೆ

ಇಂದ:
ಕೆಳಗಿನ ಕೋಣೆಯ ನಿವಾಸಿ,
ಬ್ಯಾಂಕಿನ ಲಾಕರ್ ಕೋಣೆಯ ನಿವೃತ್ತ ಅಧಿಕಾರಿ,
ಸದ್ಯ ಇದೇ ಮನೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ (ತನ್ನನ್ನು ತಾನೇ ನೇಮಿಸಿಕೊಂಡಿರುತ್ತಾನೆ).

ಗೆ:
ಮೇಲಿನ ಕೋಣೆಯವರು,
ಅರ್ಜಿದಾರನ ಹೆಂಡತಿ,
ಹದಿನಾಲ್ಕು ಮೆಟ್ಟಿಲುಗಳ ಆಚೆ.

ದಿನಾಂಕ: ಈ ತಿಂಗಳ ಇಪ್ಪತ್ತನಾಲ್ಕು, ಶುಕ್ರವಾರ.

ವಿಷಯ: ಮನೆಯ ಎರಡು ಕಂಪ್ಯೂಟರುಗಳ ನಡುವೆ ಸಂಪರ್ಕ ಪೂರ್ತಿ ಸರಿಹೋಗಿದ್ದು, ಇಬ್ಬರು ಮನುಷ್ಯರ ನಡುವೆ ಕಡಿದುಹೋಗಿರುವುದರಿಂದ, ತಾವು ಅರ್ಜಿದಾರನ ಜೊತೆ ಮತ್ತೆ ಮಾತಾಡಬೇಕೆಂದು ಕೋರಿ.

ಉಲ್ಲೇಖ: (1) ಸೋಮವಾರ, ಇಪ್ಪತ್ತನೇ ತಾರೀಖು, ತಾವು ಬಾಯಿಮಾತಿನಲ್ಲಿ ಹೊರಡಿಸಿದ ಆದೇಶ: "ಇನ್ಮೇಲೆ ಏನಿದ್ರೂ ಬರೆದು ಕೊಡಿ."
(2) ಆಮೇಲಿನ ನಾಲ್ಕು ದಿನಗಳಲ್ಲಿ ತಾವು ಆಡಿದ ಮಾತುಗಳು: ಇಲ್ಲ.

ಮಾನ್ಯರೇ,

ಮೇಲಿನ ಆದೇಶದಂತೆ ಅರ್ಜಿದಾರನು ಬರೆದು ಕೊಡುತ್ತಿದ್ದಾನೆ. ತಮಗೆ ಗೊತ್ತಿರುವುದನ್ನೇ ತಮಗೆ ಮತ್ತೆ ತಿಳಿಸುವುದು ಅರ್ಜಿಗಳ ಪದ್ಧತಿಯಾದ ಕಾರಣ, ಮೊದಲಿನಿಂದ ಹೇಳುವುದಕ್ಕೆ ಅನುಮತಿ ಬೇಡುತ್ತಾನೆ. ಇದರಲ್ಲಿ ತಮಗೆ ಗೊತ್ತಿಲ್ಲದ ಸಂಗತಿಗಳೂ ಇವೆ. ಮುಖ್ಯವಾದದ್ದು ಐದನೇ ಅಂಶದಲ್ಲಿ ಬರುತ್ತದೆ. ದಯವಿಟ್ಟು ನೇರವಾಗಿ ಅಲ್ಲಿಗೆ ಹಾರಬಾರದು.

1. ತಾವು ಅಂಧ ಮಕ್ಕಳ ಶಾಲೆಗೆ ಪಾಠಪುಸ್ತಕಗಳನ್ನು ಸಿದ್ಧಪಡಿಸುವವರು. ಮೇಲಿನ ಕೋಣೆಯಲ್ಲಿ ಕೂತು ತಾವು ಟೈಪು ಮಾಡಿದ್ದು ಕೆಳಗಿನ ಕಂಪ್ಯೂಟರಿಗೆ ಬಂದು, ಪಕ್ಕದ ಬ್ರೈಲ್ ಯಂತ್ರದಲ್ಲಿ ಉಬ್ಬುಚುಕ್ಕಿಗಳಾಗಿ ದಪ್ಪ ಕಾಗದದ ಮೇಲೆ ಬೀಳುತ್ತದೆ. ಆ ಯಂತ್ರದ ಟಕಟಕ ಸದ್ದಿಗೆ ತಮಗೆ ತಲೆನೋವು ಬರುವುದರಿಂದ ಅದು ಕೆಳಗಿದೆ. ಅರ್ಜಿದಾರನಿಗೆ ನಿವೃತ್ತಿಯಾದ ಮೇಲೆ ಬೇರೆ ಕೆಲಸವಿಲ್ಲದ್ದರಿಂದ ಅವನೂ ಅದರ ಪಕ್ಕದಲ್ಲೇ ಇದ್ದಾನೆ.

2. ಈ ಸಂಪರ್ಕಕ್ಕೆ ಹನ್ನೆರಡು ಅಕ್ಷರದ ಒಂದು ಪಾಸ್‌ವರ್ಡ್ ಇದೆ. ಲಾಕರ್ ಕೋಣೆಯ ಬಾಗಿಲಿಗೆ ಎರಡು ಕೀಲಿಗಳಿದ್ದು, ಅವೆರಡೂ ಒಬ್ಬನ ಕೈಯಲ್ಲಿ ಇರಕೂಡದು ಎಂಬ ನಿಯಮದಲ್ಲಿ ಮೂವತ್ತೊಂದು ವರ್ಷ ಸವೆಸಿದ ಅರ್ಜಿದಾರ, ಅದೇ ನಿಯಮವನ್ನು ಮನೆಗೂ ತಂದ. ಮೊದಲ ಆರು ಅಕ್ಷರ ಅವನದು, ಕೊನೆಯ ಆರು ತಮ್ಮದು. ಒಬ್ಬರು ಒತ್ತುವಾಗ ಇನ್ನೊಬ್ಬರು ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು. "ಮೂರನೇ ಕ್ಲಾಸಿನ ಭೂಗೋಳ ಯಾರ್ರೀ ಕದೀತಾರೆ?" ಎಂದು ತಾವು ಆಗಲೇ ಕೇಳಿದ್ದಿರಿ. ಅರ್ಜಿದಾರ ಆ ಪ್ರಶ್ನೆಗೆ ಉತ್ತರಿಸುವುದು ಭದ್ರತೆಯ ದೃಷ್ಟಿಯಿಂದ ಸೂಕ್ತವಲ್ಲ ಎಂದು ಭಾವಿಸಿದ. ಅಲ್ಲದೆ ಬ್ಯಾಂಕಿನಲ್ಲಿ ಇದ್ದಂತೆ ಆರು ತಿಂಗಳಿಗೊಮ್ಮೆ ಅಕ್ಷರ ಬದಲಾಯಿಸಿ, ಲಕೋಟೆಯಲ್ಲಿಟ್ಟು, ಅರಗು ಒತ್ತಿ, ಇಬ್ಬರ ಸಮಕ್ಷಮದಲ್ಲಿ ಮಾತ್ರ ಒಡೆಯತಕ್ಕದ್ದು ಎಂದು ಬರೆದು ಬೀರುವಿನಲ್ಲಿಡುವ ಕ್ರಮವನ್ನೂ ಜಾರಿಗೆ ತಂದ. ಹಾಗೆ ಈ ತಿಂಗಳ ಒಂದನೇ ತಾರೀಖು ಇಬ್ಬರೂ ಅಕ್ಷರ ಬದಲಾಯಿಸಿದ್ದಾಯಿತು.

3. ಎರಡನೇ ತಾರೀಖು ಬೆಳಿಗ್ಗೆ ಮೇಲಿನ ಕಂಪ್ಯೂಟರು ಪಾಸ್‌ವರ್ಡ್ ಕೇಳಿತು. ಅರ್ಜಿದಾರ ಮೇಲೆ ಬಂದು ತನ್ನ ಆರು ಒತ್ತಿದ, ತಾವು ತಮ್ಮ ಆರು ಒತ್ತಿದಿರಿ. ತಪ್ಪು ಎಂದಿತು. ತಾವು ಕೇಳಿದಿರಿ: "ನಿನ್ನೆ ಬದಲಾಯಿಸಿದ್ರಲ್ಲ, ಹೊಸದನ್ನೇ ಹಾಕಿದ್ರಾ?"

"ಮೂವತ್ತೊಂದು ವರ್ಷ ಕೀಲಿ ಹಿಡಿದವನಿಗೆ ನೀನು ಹೇಳಿಕೊಡ್ತೀಯಾ?" ಎಂದು ಅರ್ಜಿದಾರ ಅಂದ. "ಇದು ವೈರಿನ ದೋಷ. ಮೊದಲು ರಿಜಿಸ್ಟರಿನಲ್ಲಿ ದೂರು ಬರೆದು ಕೊಡು."

ತಾವು ನಿಟ್ಟುಸಿರು ಬಿಟ್ಟು ಬರೆದು ಕೊಟ್ಟಿರಿ.

4. ಆಮೇಲೆ ಐದು ದಿನ ಅರ್ಜಿದಾರ ಕೈಗೊಂಡ ಕ್ರಮಗಳು: ಹಳದಿ ವೈರು ತೆಗೆದು ನೀಲಿ ವೈರು ಹಾಕಿದ. ನೀಲಿ ತೆಗೆದು ಹಳದಿ ಹಾಕಿದ. ರೂಟರನ್ನು ಆರಿಸಿ ಹತ್ತು ಎಣಿಸಿ ಹಚ್ಚಿದ, ಇಪ್ಪತ್ತು ಎಣಿಸಿ ಹಚ್ಚಿದ. ಅದನ್ನು ಬೀರುವಿನ ಮೇಲೆ, ಮೆಟ್ಟಿಲ ಕೆಳಗೆ, ಕೊನೆಗೆ ಚಪ್ಪಲಿ ಗೂಡಿನ ಮೇಲೆ ಇಟ್ಟು ನೋಡಿದ. ಒಂದು ಕಂಪ್ಯೂಟರು ಇನ್ನೊಂದನ್ನು "ಇದ್ದೀಯಾ?" ಎಂದು ಕೇಳುವ ಒಂದು ಪರೀಕ್ಷೆಯಿದೆ, ಅದನ್ನು ದಿನಕ್ಕೆ ನಲವತ್ತು ಸಲ ಮಾಡಿದ. ಮೇಲಿನ ಕಂಪ್ಯೂಟರು ನಲವತ್ತು ಸಲವೂ ಕಣ್ಣು ಮಿಟುಕಿಸುವುದರೊಳಗೆ "ಇದ್ದೇನೆ" ಎಂದು ಉತ್ತರ ಕೊಟ್ಟಿತು. ಅಂದರೆ ವೈರು ಸರಿಯಿದೆ ಎಂದರ್ಥ. ಇದು ಅರ್ಜಿದಾರನಿಗೆ ಗೊತ್ತಿರಲಿಲ್ಲ. ಯಂತ್ರ ಸುಳ್ಳು ಹೇಳುತ್ತಿದೆ ಎಂದುಕೊಂಡ. ಆರನೇ ತಾರೀಖು ಸಂಜೆ ತಾವು ಸ್ನಾನಕ್ಕೆ ಹೋಗಿದ್ದಾಗ, ಇಬ್ಬರ ಸಮಕ್ಷಮದಲ್ಲಿ ಒಡೆಯತಕ್ಕ ಲಕೋಟೆಯನ್ನು ಒಬ್ಬನೇ ಒಡೆದು ನೋಡಿದ. ಐದು ದಿನದಿಂದ ತಾನು ಹಳೆಯ ಆರು ಅಕ್ಷರಗಳನ್ನೇ ಒತ್ತುತ್ತಿದ್ದದ್ದು ತಿಳಿಯಿತು. ಮೇಲೆ ಬಂದು "ಇನ್ನೊಂದು ಸಲ ನೋಡೋಣ" ಎಂದು ಹೊಸದನ್ನು ಒತ್ತಿದ, ತಾವೂ ಒತ್ತಿದಿರಿ, ಸಂಪರ್ಕ ಬಂತು. "ಏನಾಗಿತ್ತು?" ಎಂದು ಕೇಳಿದಿರಿ. "ವೈರು ಸಡಿಲವಾಗಿತ್ತು" ಎಂದ. ಇದು ಮೊದಲನೇ ಸುಳ್ಳು.

5. ಈಗ ತಮಗೆ ಗೊತ್ತಿಲ್ಲದ ಮುಖ್ಯ ಸಂಗತಿ.

ಆ ಐದು ದಿನ ತಾವು ಪೆನ್ ಡ್ರೈವ್ ಹಿಡಿದುಕೊಂಡು ದಿನಕ್ಕೆ ಎಂಟು ಸಲ ಕೆಳಗಿಳಿದು ಬರುತ್ತಿದ್ದಿರಿ. ಕಾಗದ ಹೊರಬರುವವರೆಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಿರಿ. ಸದ್ದಿಗೆ ಕಿವಿ ಮುಚ್ಚಿಕೊಂಡೇ ಏನಾದರೂ ಮಾತಾಡುತ್ತಿದ್ದಿರಿ. ನದಿಯ ನಕ್ಷೆಯನ್ನು ಬೆರಳಿಗೆ ತಿಳಿಯುವಂತೆ ಮಾಡುವುದು ಎಷ್ಟು ಕಷ್ಟ ಎಂದಿರಿ, ಅರ್ಜಿದಾರನ ಕಣ್ಣು ಮುಚ್ಚಿಸಿ ಅವನ ಬೆರಳನ್ನು ಚುಕ್ಕಿಗಳ ಮೇಲೆ ಓಡಿಸಿ "ಎಲ್ಲಿ ತಿರುಗತ್ತೆ ಹೇಳಿ" ಎಂದಿರಿ. ಅವನು ನದಿಯನ್ನು ಬೆಟ್ಟ ಹತ್ತಿಸಿದ. ತಾವು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ.

ಏಳನೇ ತಾರೀಖು ಸಂಪರ್ಕ ಅಚ್ಚುಕಟ್ಟಾಗಿ ಕೆಲಸ ಮಾಡಿತು. ಯಂತ್ರ ತಾನಾಗಿ ಟಕಟಕ ಎಂದು ಇಪ್ಪತ್ತಾರು ಹಾಳೆ ಉದುರಿಸಿತು. ಬೆಳಗಿನಿಂದ ಸಂಜೆಯವರೆಗೆ ಮೆಟ್ಟಿಲ ಮೇಲೆ ಯಾರೂ ಬರಲಿಲ್ಲ. ಅರ್ಜಿದಾರನಿಗೆ ಬಹಳ ಬೇಜಾರಾಯಿತು.

ಎಂಟನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ, ಕೆಳಗಿನ ಕಂಪ್ಯೂಟರಿನಲ್ಲಿ ಅವನು ತನ್ನ ಕೈಯಾರೆ ಸಂಪರ್ಕ ಆರಿಸಿದ. "ಮತ್ತೆ ಹೋಯ್ತು ಕಣೇ" ಎಂದು ಕೂಗಿದ. ಇದು ಎರಡನೇ ಸುಳ್ಳು. ಮುಂದಿನವನ್ನು ಅವನು ಎಣಿಸಲಿಲ್ಲ.

ಆರಿಸಿದ್ದು ತಮಗೆ ಗೊತ್ತಾಗಿದೆ. ಯಾಕೆ ಎಂಬುದು ಗೊತ್ತಿಲ್ಲ. ತನ್ನ ತಪ್ಪು ಮುಚ್ಚಿಹಾಕಲು ಎಂದು ತಾವು ತಿಳಿದಿದ್ದರೆ ಅದು ಸಹಜ. ಆದರೆ ಕಾರಣ ಆ ಸ್ಟೂಲು.

6. ತಾನೇ ಮೇಲೆ ಹೋಗಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅರ್ಜಿದಾರನೂ ನಾಲ್ಕು ದಿನದಿಂದ ಅದನ್ನೇ ಕೇಳಿಕೊಳ್ಳುತ್ತಿದ್ದಾನೆ. ಲಾಕರ್ ಕೋಣೆಗೆ ಜನ ತಾವಾಗಿ ಬರುತ್ತಿದ್ದರು. ಅವನು ಎದ್ದು ಯಾರ ಬಳಿಗೂ ಹೋದವನಲ್ಲ. ಕೆಲಸವಿಲ್ಲದೆ ಒಬ್ಬರ ಕೋಣೆಗೆ ಹೋಗಿ ಸುಮ್ಮನೆ ಕೂರುವುದು ಹೇಗೆ ಎಂಬುದು ಅವನಿಗೆ ಗೊತ್ತಿಲ್ಲ. ಅರವತ್ತೆರಡು ವರ್ಷದವನಿಗೆ ಇದು ನಾಚಿಕೆಗೇಡು ಎಂಬುದನ್ನು ಒಪ್ಪುತ್ತಾನೆ.

7. ಹತ್ತು ದಿನ ಹೀಗೆ ನಡೆಯಿತು. ಹದಿನೆಂಟನೇ ತಾರೀಖು ಶನಿವಾರ ತಮ್ಮ ಬಲಮಂಡಿ ಊದಿಕೊಂಡಿತು. ಸಂಜೆ ಡಾಕ್ಟರ ಬಳಿ ಹೋದೆವು. ("ಹೋದರು" ಎಂದು ಓದಿಕೊಳ್ಳತಕ್ಕದ್ದು. ಅರ್ಜಿದಾರನ ಕೈ ತಪ್ಪಿತು.) "ಮೆಟ್ಟಿಲು ಎಷ್ಟು ಸಲ ಹತ್ತಿ ಇಳೀತೀರಮ್ಮ?" ಎಂದು ಡಾಕ್ಟರು ಕೇಳಿದರು. ತಾವು ಹೇಳಿದಿರಿ:

"ಮನೇಲಿ ನೆಟ್‌ವರ್ಕ್ ಕೆಟ್ಟಿದೆ ಡಾಕ್ಟ್ರೇ. ಇವರು ದಿನವಿಡೀ ಅದಕ್ಕೇ ಒದ್ದಾಡ್ತಿದ್ದಾರೆ, ಪಾಪ."

ಆ "ಪಾಪ" ಎಂಬ ಮಾತು ಕೇಳಿದಾಗ ಅರ್ಜಿದಾರ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಗೋಡೆಯ ಮೇಲಿನ ಮೂಳೆಗಳ ಚಿತ್ರವನ್ನು ಓದುತ್ತಿರುವಂತೆ ನಟಿಸಿದ. ಬಾಯಿಬಿಟ್ಟು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ, ಹೇಳಲಿಲ್ಲ. ಮನೆಗೆ ಬಂದವನೇ ಸಂಪರ್ಕ ಹಚ್ಚಿ, "ತಾನಾಗಿಯೇ ಸರಿಹೋಯ್ತು" ಎಂದ.

8. "ಮತ್ತೆ ಕೆಟ್ರೆ ನಿಮಗೇ ಕಷ್ಟ" ಎಂದು ಅವನ ಮೇಲಿನ ಕನಿಕರದಿಂದಲೇ ತಾವು ಸೋಮವಾರ ರಿಪೇರಿ ಅಂಗಡಿಯ ಹುಡುಗಿಯನ್ನು ಕರೆಸಿದಿರಿ. ಕಂಪ್ಯೂಟರು ತನ್ನ ದಿನಚರಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ ಎಂಬುದು, ಎಲ್ಲದಕ್ಕೂ ರಿಜಿಸ್ಟರ್ ಇಡುವ ಅರ್ಜಿದಾರನಿಗೆ ತಿಳಿದಿರಲಿಲ್ಲ. ಅವಳು ಕೆಳಗೆ ಐದು ನಿಮಿಷ ನೋಡಿ, ಒಂದು ಚೀಟಿಯಲ್ಲಿ ಬರೆದುಕೊಂಡು ಮೇಲೆ ಬಂದಳು. ಅರ್ಜಿದಾರನೂ ಹಿಂದೆಯೇ ಬಂದ.

"ಏನೂ ಕೆಟ್ಟಿಲ್ಲ ಆಂಟಿ. ಯಾರೋ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಆಫ್ ಮಾಡಿ, ಸಂಜೆ ಆರಕ್ಕೆ ಆನ್ ಮಾಡಿದ್ದಾರೆ. ಹತ್ತು ದಿನ. ಭಾನುವಾರ ಮಾತ್ರ ರಜೆ ತಗೊಂಡಿದ್ದಾರೆ. ಆಫೀಸಿನವರು ಯಾರಾದ್ರೂ ಇದ್ದಾರಾ ಮನೇಲಿ?"

ತಾವು ಆ ಚೀಟಿಯನ್ನು ಮೇಲಿನಿಂದ ಕೆಳಗೆ ಓದಿದಿರಿ. ಆಮೇಲೆ ಅರ್ಜಿದಾರನ ಮುಖ ನೋಡದೆ ತಮ್ಮ ಮಂಡಿಯನ್ನು ನೋಡಿಕೊಂಡಿರಿ. ಹುಡುಗಿ ಹೋದ ಮೇಲೆ ಉಲ್ಲೇಖ (1)ರ ಆದೇಶ ಹೊರಟಿತು.

9. ಅಂದಿನಿಂದ ಸಂಪರ್ಕದಲ್ಲಿ ಒಂದು ಕ್ಷಣದ ಅಡಚಣೆಯೂ ಇಲ್ಲ. ಹಾಳೆಗಳು ಸಲೀಸಾಗಿ ಬರುತ್ತಿವೆ. ಮಂಡಿಯಿಂದಾಗಿ ತಾವು ಕೆಳಗಿಳಿಯುವಂತಿಲ್ಲವಾದ್ದರಿಂದ ಅರ್ಜಿದಾರ ತಾನೇ ಅಡುಗೆ ಮಾಡಿ ದಿನಕ್ಕೆ ಮೂರು ಸಲ ತಟ್ಟೆ ಹಿಡಿದು ಮೇಲೆ ಬರುತ್ತಾನೆ, ತಾವು ಪರದೆಯಿಂದ ಕಣ್ಣು ತೆಗೆಯುವುದಿಲ್ಲ. ಬುಧವಾರ ಅವನು ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತ. ತಾವು ಒಂದು ಮಾತೂ ಆಡದೆ ಪೂರ್ತಿ ಊಟ ಮಾಡಿದಿರಿ. ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಅರ್ಜಿದಾರನು ಸ್ವಂತ ಬುದ್ಧಿಯಿಂದಲೇ ಈ ಎಲ್ಲವನ್ನೂ ಮಾಡಿದ್ದು, ಅದಕ್ಕೆ ಯಾರ ಪ್ರಚೋದನೆಯೂ ಇಲ್ಲದ ಕಾರಣ, ಹಾಗೂ ಮಂಡಿ ತಮ್ಮದು, ತಪ್ಪು ಅವನದು ಆದ ಕಾರಣ, ಅವನು ಕ್ಷಮೆ ಕೇಳುತ್ತಾನೆ. ಪಾಸ್‌ವರ್ಡಿನ ಹನ್ನೆರಡೂ ಅಕ್ಷರಗಳನ್ನು ತಾವೇ ಇಟ್ಟುಕೊಳ್ಳತಕ್ಕದ್ದು. ಇನ್ನು ಮುಂದೆ ಮೆಟ್ಟಿಲು ಹತ್ತುವ ಕೆಲಸ ಅವನಿಗೇ ವಹಿಸಬೇಕು, ಮತ್ತು ಹತ್ತಿ ಬಂದಾಗ ಕೆಲಸವೇನೆಂದು ಕೇಳಬಾರದು.

ಇಂತು ತಮ್ಮ ವಿಶ್ವಾಸವನ್ನು ಸದ್ಯ ಕಳೆದುಕೊಂಡಿರುವ,
(ಸಹಿ)
ಕೆಳಗಿನ ಕೋಣೆಯವನು

ಲಗತ್ತುಗಳು:
1. ಒಡೆದ ಲಕೋಟೆ, ಒಂದು.
2. ಹುಡುಗಿ ಬರೆದ ಚೀಟಿಯ ನಕಲು. ನಿಜವಾದ ನಕಲೆಂದು ಆರೋಪಿಯೇ ದೃಢೀಕರಿಸಿದ್ದಾನೆ.
3. ಮಂಡಿಗೆ ಹಚ್ಚುವ ಮುಲಾಮು. ಡಾಕ್ಟರು ಬರೆದುಕೊಟ್ಟದ್ದು, ಅರ್ಜಿದಾರ ತರಲು ಮರೆತಿದ್ದದ್ದು.

ವಿಶೇಷ ಸೂಚನೆ: ಅರ್ಜಿದಾರನು ಈ ಅರ್ಜಿಯನ್ನು ತಾನೇ ತಂದು ಕೊಟ್ಟು, ತಮ್ಮ ಬಾಗಿಲ ಹೊರಗೆ ನಿಂತಿರುತ್ತಾನೆ. ಅರ್ಜಿಯನ್ನು ತಿರಸ್ಕರಿಸುವುದಾದರೆ ತಾವು ಅದನ್ನು ಬರೆದು ತಿಳಿಸಬಾರದು. ಬಾಯಿಬಿಟ್ಟು, ಪೂರ್ತಿಯಾಗಿ, ಒಂದು ಬೈಗುಳವನ್ನೂ ಬಿಡದೆ, ಎಷ್ಟು ಹೊತ್ತಾದರೂ ಸರಿ, ಬೈದು ತಿರಸ್ಕರಿಸಬೇಕೆಂದು ವಿನಂತಿ.