ಮೈನಸ್ಸಾದ ಹದಿನಾಲ್ಕು ವರ್ಷ

ಜಾಣತನ ಇಲ್ಲದವನಿಗೂ ಒಂದು ಆಸ್ತಿ ತಾನಾಗಿ ಬೆಳೆಯುತ್ತದೆ, ಅದು ಸರ್ವೀಸು. ದಿನಾ ಹೋಗಬೇಕು, ದಿನಾ ಬರಬೇಕು, ಅಷ್ಟೆ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿನ ಗುಮಾಸ್ತನಾಗಿ ಹದಿನಾಲ್ಕು ವರ್ಷ ಹಾಗೆ ಹೋಗಿ ಬಂದವನು ನಾನು. ಜ್ವರ ಬರುವುದಿದ್ದರೂ ಭಾನುವಾರ ಬರಲಿ ಎಂದು ಬೇಡಿಕೊಂಡವನು. ಇಂಥವನ ಸರ್ವೀಸನ್ನು ಒಂದು ಯಂತ್ರ ಸೊನ್ನೆಗಿಂತ ಕೆಳಕ್ಕೆ ಇಳಿಸಿತೆಂದರೆ ಮೈ ಉರಿಯುವುದಿಲ್ಲವೆ?

ಕ್ವಾರ್ಟರ್ಸಿನಲ್ಲಿ ಒಂದು ಮನೆ ಖಾಲಿಯಾಗಿತ್ತು. ಕಾದಿರುವವರಲ್ಲಿ ಯಾರ ಸರ್ವೀಸು ಹೆಚ್ಚೋ ಅವರಿಗೆ ಅದು. ನನಗಿಂತ ಹಳಬರಿಗೆಲ್ಲ ಆಗಲೇ ಮನೆ ಸಿಕ್ಕಿತ್ತು; ಈ ಸಲ ನಾನೇ ಮೊದಲಿಗ. ಗೋವಿಂದರಾಜನಗರದ ನಮ್ಮ ವಠಾರದಲ್ಲಿ ಆರು ಸಂಸಾರಕ್ಕೆ ಒಂದೇ ನಲ್ಲಿ. ಅದರ ಮುಂದೆ ನಿಂತು ನಿಂತು ಸಾಕಾದ ನನ್ನಾಕೆ ಸರೋಜ, ಹೊಸ ಮನೆಯಲ್ಲಿ ಹಾಲುಕ್ಕಿಸಲೆಂದು ಪಾತ್ರೆಯನ್ನೂ ಹುಣಸೆಹಣ್ಣು ಹಾಕಿ ಬೆಳಗಿಟ್ಟಿದ್ದಳು. ಕಂಪ್ಯೂಟರಿನಿಂದ ಪಟ್ಟಿ ಬಂತು. ತುದಿಯಲ್ಲಿ ಹದಿಮೂರು ವರ್ಷ ಸರ್ವೀಸಿನ ನಂಜುಂಡಪ್ಪ. ಬುಡದಲ್ಲಿ, ಹೋದ ಸೋಮವಾರ ಸೇರಿದ ವಾಚ್‌ಮನ್ನನಿಗೂ ಕೆಳಗೆ, ನಾನು. ಸೇವೆಯ ಗಂಟೆಗಳು: ಮೈನಸ್ 31,936.

"ಇನ್ನೊಂದು ಹದಿಮೂರು ವರ್ಷ ದುಡಿದ್ರೆ ಸೊನ್ನೆಗೆ ಬರ್ತೀರಾ ಬಿಡಿ ಸಾರ್" ಎಂದು ನಂಜುಂಡಪ್ಪ ಸಮಾಧಾನ ಹೇಳಿದ.

ನೆಟ್ಟಗೆ ಕಂಪ್ಯೂಟರ್ ಕೋಣೆಗೆ ನುಗ್ಗಿದೆ. ನುಗ್ಗಿದೆ ಎಂದೆನೆ? ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲೊರೆಸಿಕೊಂಡು ನುಗ್ಗಿದೆ. ಗರ್ಭಗುಡಿಗೂ ಇಷ್ಟು ಮಡಿ ಇಲ್ಲ. ಅಲ್ಲಿನ ಸೀತಾರಾಮಯ್ಯ ನನ್ನ ವಾರಗೆಯವರೇ. ಶಾಂತವಾಗಿ ಹೇಳಿದರು: "ಈ ಲೆಕ್ಕ ಕಂಪ್ಯೂಟರಿನ ಹಳೇ ಭಾಷೇಲಿತ್ತು, ಅದನ್ನ ಆ ಭಾಷೆಯ ಹೊಸ ಆವೃತ್ತಿಗೆ ತಂದ್ವಿ. ಮೊದಲು ಗಂಟೆಗಳ್ನ ದಶಾಂಶ ಚುಕ್ಕಿ ಇಟ್ಟು ಬರೀತಿದ್ವಿ. ದೊಡ್ಡ ಸಂಖ್ಯೇನೂ ಹಿಡೀತಿತ್ತು. ಈಗ ಚುಕ್ಕಿ ತೆಗೆದು ಬರೀ ಪೂರ್ಣಸಂಖ್ಯೆ ಮಾಡಿದೀವಿ. ಯಂತ್ರದೊಳಗೆ ಅದಕ್ಕಿರೋ ಗೂಡು ಚಿಕ್ಕದು. 32,767 ದಾಟಿದ್ರೆ ಗಿರ್ರನೆ ಮೈನಸ್‌ಗೆ ತಿರುಗಿಬಿಡುತ್ತೆ. ನೀವು ಈಗ ತಾನೇ ದಾಟಿದೀರಿ."

"ತಿರುಗೋವಾಗ ಒಂದು ಮಾತು ಹೇಳಬಾರದೇನ್ರೀ? ಹಾಲು ಉಕ್ಕಿದ್ರೆ ಸೀದ ವಾಸನೆಯಾದ್ರೂ ಬರುತ್ತೆ!"

"ಚುಕ್ಕಿ ವಾಪಸ್ ಹಾಕ್ತೀನಿ. ಸರ್ವೀಸು ಮೈನಸ್ ಬಂದ್ರೆ ಯಂತ್ರ ಅಲ್ಲೇ ನಿಲ್ಲೋ ಹಾಗೆ ಅದಕ್ಕೆ ಆಜ್ಞೆ ಕೊಡೋ ತೂತಿನ ಕಾರ್ಡು ಇನ್ನೊಂದು ಸೇರಿಸ್ತೀನಿ. ನಾಳೆ ಹೊಸ ಪಟ್ಟಿ ಕೊಡ್ತೀನಿ, ಹೋಗಿ."

ಅಲ್ಲಿಗೆ ಎದ್ದು ಬರಬಹುದಿತ್ತು. ಬರಲಿಲ್ಲ. "ಆ ಚುಕ್ಕಿ ತೆಗೆಸಿದ ಮಹಾನುಭಾವ ಯಾರು? ಹೆಸರು ಹೇಳಿ, ಮ್ಯಾನೇಜರಿಗೆ ಬರೆದುಕೊಡ್ತೀನಿ!" ಎಂದು ಮೇಜು ಗುದ್ದಿದೆ.

ಸೀತಾರಾಮಯ್ಯ ಕಡತದಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. 'ನಮ್ಮ ರಿಜಿಸ್ಟರಿನಲ್ಲಿ ಅರ್ಧ, ಕಾಲು ಗಂಟೆಗಳ ರಗಳೆ ಇರುವುದಿಲ್ಲ. ಆದ್ದರಿಂದ ದಶಾಂಶ ಚುಕ್ಕಿಯನ್ನು ತೆಗೆಯತಕ್ಕದ್ದು.' ಮುತ್ತು ಪೋಣಿಸಿದಂಥ ಅಕ್ಷರ. 'ತೆಗೆಯತಕ್ಕದ್ದು' ಎಂಬುದರ ಕೆಳಗೆ ಎರಡು ಗೆರೆ. ಅದರ ಕೆಳಗೆ ನನ್ನ ಸಹಿ.

ಮರುದಿನ ಪಟ್ಟಿಯ ತುದಿಗೇರಿದೆ. ಮನೆ ನಮ್ಮದಾಯಿತು. ರಾತ್ರಿ ಊಟಕ್ಕೆ ಬಡಿಸುತ್ತ ಸರೋಜ ಕೇಳಿದಳು: "ಯಾರದಂತೇರೀ ತಪ್ಪು?"

"ಯಾರೋ ಒಬ್ಬ ಗುಮಾಸ್ತನದು."

"ಚೆನ್ನಾಗಿ ಬೈದ್ರೋ ಇಲ್ವೋ?"

"ಮೇಜು ಗುದ್ದಿ ಬೈದೆ."

"ಅಂಥವನನ್ನ ಕಟ್ಟಿಕೊಂಡು ಅವನ ಹೆಂಡ್ತಿ ಹೆಂಗೆ ಏಗ್ತಾಳೋ, ಪಾಪ!"

ನಾನು ತಲೆಯೆತ್ತದೆ, ಇನ್ನೊಂದು ಸೌಟು ಸಾರು ಹಾಕು ಎಂದೆ.