ಅಪ್ಪನ ಸಪ್ಪನೆ ಚಹಾ ಮತ್ತು ನನ್ನ ಯೀಸ್ಟು

ಸಂಶೋಧನೆ ಮಾಡುವುದು ಸುಲಭ ಸ್ವಾಮಿ; ಏನು ಮಾಡುತ್ತಿದ್ದೇವೆಂದು ಮನೆಯವರಿಗೆ ಹೇಳುವುದಿದೆಯಲ್ಲ, ಅದು ಕಷ್ಟ. ಐದು ವರ್ಷ ನಾನು ಮಾಡಿದ್ದಿಷ್ಟೇ: ಗಂಗಾವತಿಯ ಅಕ್ಕಿ ಗಿರಣಿಯೊಂದರ ಹಿಂದೆ ಕೊಳೆಯುತ್ತಿದ್ದ ಭತ್ತದ ಹುಲ್ಲಿನಿಂದ ಒಂದು ಯೀಸ್ಟು ಹಿಡಿದು ತಂದು, ಅದರ ಒಂದೇ ಒಂದು ಜೀನನ್ನು ಬೇರ್ಪಡಿಸಿ, ಅದರ ಗುಣಸ್ವಭಾವ ವಿಚಾರಿಸಿದ್ದು. ನನ್ನನ್ನು ನೋಡಲು ಬಂದ ವರಗಳ ಬಗ್ಗೆಯೂ ಮನೆಯಲ್ಲಿ ಅಷ್ಟು ವಿಚಾರಿಸಿರಲಿಲ್ಲ. ಆ ಯೀಸ್ಟು ಹುಲ್ಲಿನ ಸಕ್ಕರೆಯಿಂದ ಕ್ಸೈಲಿಟಾಲ್ ಎಂಬ ಸಕ್ಕರೆ ಆಲ್ಕೋಹಾಲ್ ಮಾಡುತ್ತದೆ. ಹೆಸರಿಗಷ್ಟೇ ಆಲ್ಕೋಹಾಲ್, ಅಮಲೇರುವುದಿಲ್ಲ. ಸಿಹಿಯಾಗಿರುತ್ತದೆ, ರಕ್ತದ ಸಕ್ಕರೆಯನ್ನು ಅಷ್ಟಾಗಿ ಏರಿಸುವುದಿಲ್ಲ. ಇದನ್ನು ಶುಗರ್ ಇದ್ದ ಅಪ್ಪನ ಮುಂದೆ ಬಾಯಿಬಿಟ್ಟದ್ದೇ ನನ್ನ ತಪ್ಪು.

ಅದೇ ಗಿರಣಿಯಲ್ಲಿ ಚೀಲ ತೂಗಿ ನಿವೃತ್ತನಾದ ಅಪ್ಪ, ಅಲ್ಲಿಯವರೆಗೆ ಮನೆಯಲ್ಲಿ ಸಪ್ಪನೆ ಚಹಾ ಕುಡಿದು, ಹೊರಗೆ ಹೋಟೆಲಿನಲ್ಲಿ ಅದರ ಸೇಡು ತೀರಿಸಿಕೊಳ್ಳುತ್ತಿದ್ದ. ಅವತ್ತು ಪಣ ತೊಟ್ಟ. "ಇನ್ನ ಸಿಹಿ ಚಹಾ ಕುಡದ್ರ ನನ್ನ ಮಗಳು ಮಾಡಿದ ಸಕ್ರೀದ ಕುಡಿತೀನಿ!" ಅಂಗಡಿಯಿಂದ ಕ್ಸೈಲಿಟಾಲ್ ಪೊಟ್ಟಣ ತಂದುಕೊಟ್ಟರೆ ಪಕ್ಕಕ್ಕೆ ಸರಿಸಿದ. "ಇದು ನೀ ಮಾಡಿದ್ದಲ್ಲ. ನಾ ಒಲ್ಲೆ."

ಕೊನೆಗೊಂದು ದಿನ ಜೀನು ಸಿಕ್ಕಿತು. ಖುಷಿಯಿಂದ ಫೋನು ಮಾಡಿದೆ.

"ಹಂಗಾರ ಸಕ್ರಿ ಯಾವಾಗ ತರ್ತಿ ಯವ್ವಾ?"

ಸಿಕ್ಕ ಜೀನು ಸಿಹಿ ಮಾಡುವುದಾಗಿರಲಿಲ್ಲ. ತಾನು ಮಾಡಿದ ಸಿಹಿಯನ್ನು ಯೀಸ್ಟು ತಾನೇ ಕರಗಿಸಿಕೊಳ್ಳಲು ಬಳಸುವ ಕಿಣ್ವದ ಜೀನು ಅದು. ಅದನ್ನು ಸುಮ್ಮನಾಗಿಸಿದರೆ ಸಿಹಿ ಉಳಿದೀತು. ಅದಕ್ಕಿನ್ನೂ ಎಷ್ಟು ವರ್ಷವೋ. ಇದನ್ನೆಲ್ಲ ಹೇಳಲು ಬಾಯಿ ಬರಲಿಲ್ಲ. "ಬರೋ ಉಗಾದಿಗೆ ಅಪ್ಪಾ" ಎಂದುಬಿಟ್ಟೆ.

ಎರಡು ಉಗಾದಿ ಹೋದವು. ಎರಡು ಸಲವೂ ಅದೇ ಮಾತು ಹೇಳಿದೆ. ಮೂರನೆಯದಕ್ಕೆ ಅಪ್ಪ ಉಳಿಯಲಿಲ್ಲ. ಎದೆನೋವು ಎಂದವನು ಕೊಪ್ಪಳದ ಆಸ್ಪತ್ರೆ ಮುಟ್ಟುವ ಮೊದಲೇ ಹೋದ. ನನ್ನ ಸುಳ್ಳು ನಂಬಿಕೊಂಡು ಅಷ್ಟು ದಿನ ಸಪ್ಪನೆ ಚಹಾ ಕುಡಿದ.

ಹನ್ನೊಂದನೆಯ ದಿನ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವುದು ನಮ್ಮ ಮನೆಯ ಪದ್ಧತಿ. ಅವ್ವ ಒಂದು ಲೋಟ ಚಹಾ ತಂದಿಟ್ಟು ಅದಕ್ಕೆ ಸಕ್ಕರೆ ಹಾಕತೊಡಗಿದಳು. ಒಂದು ಚಮಚ, ಎರಡು, ಮೂರು. ನಾನು ಅಭ್ಯಾಸಬಲದಿಂದ ಅವಳ ಕೈ ಹಿಡಿದು, "ಸಾಕವ್ವಾ, ಶುಗರ್ ಏರತೈತಿ" ಎಂದೆ.

"ಇನ್ನೇನ್ ಏರತೈತಿ ಬಿಡವ್ವಾ" ಎಂದು ಅವ್ವ ನಾಲ್ಕನೆಯ ಚಮಚವನ್ನೂ ಹಾಕಿದಳು. ಐದು ವರ್ಷ ಸಿಹಿಯ ಬಗ್ಗೆಯೇ ಓದಿದ ವಿದುಷಿ ನಾನು. ಚಮಚ ಇಸಿದುಕೊಂಡು, ಚಹಾ ಕಲಕುತ್ತ ಕುಳಿತೆ.